ಮೀಸಲಿಗೆ ಹೋದ ಪೈಲಟ್ ತಿಪ್ಪೇರುದ್ರಪ್ಪ

ಹೊಳಲ್ಕೆರೆಯ ಶೇಂಗಾ ವ್ಯಾಪಾರಿಯ ಮಗ ತಿಪ್ಪೇರುದ್ರಪ್ಪನವರು ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದರು. ಬರ್ಮಾ ಗಡಿಯಲ್ಲಿ ಒಮ್ಮೆ ಅವರ ವಿಮಾನ ಗುಂಡು ತಗುಲಿ ಕಾಡಿನೊಳಗೆ ಬಿತ್ತು. ‘ಕಾಣೆಯಾಗಿದ್ದಾರೆ’ ಎಂಬ ತಂತಿ ಬಂದಾಗ ಹೆಂಡತಿ ಸರ್ವಮಂಗಳಮ್ಮ ಒಲೆ ಹಚ್ಚುವುದನ್ನೇ ಬಿಟ್ಟರು. ವಾರದ ಮೇಲೆ ಇನ್ನೊಂದು ತಂತಿ: ಕಾಲು ಮುರಿದಿದೆ, ಜೀವಕ್ಕೆ ಅಪಾಯವಿಲ್ಲ.

ಕುಂಟುತ್ತಾ ರಜೆಗೆ ಬಂದ ಗಂಡನ ಕೈಯನ್ನು ಆಕೆ ತನ್ನ ಕೊರಳ ಲಿಂಗದ ಮೇಲೆ ಇಟ್ಟುಕೊಂಡರು.

“ಯುದ್ಧ ಮುಗಿದ ಮ್ಯಾಲೆ ವಿಮಾನ ಹತ್ತಾದು ಬಿಡ್ತೀನಿ ಅನ್ರಿ. ಇನ್ನೊಂದು ತಂತಿ ಬಂದ್ರೆ ನಾನು ಉಳಿಯಲ್ಲ.”

“ಬಿಡ್ತೀನಿ” ಅಂದರು.

೧೯೪೬ರಲ್ಲಿ ಮೇಲಧಿಕಾರಿ ಕರೆದು, ಕಾಯಂ ಆಗಿ ಉಳಿಯುತ್ತೀರೋ, ಮೀಸಲು ಪಡೆಗೆ ಹೋಗುತ್ತೀರೋ ಎಂದು ಕೇಳಿದರು. ಮೀಸಲು ಎಂದರೆ ಮನೆಯಲ್ಲಿರುವುದು, ಸರ್ಕಾರ ಕರೆದರೆ ಮಾತ್ರ ಹೊರಡುವುದು. ಹೆಂಡತಿಗೆ ಕೊಟ್ಟ ಮಾತು ನೆನೆದು ಇವರು ಮೀಸಲೇ ಸಾಕೆಂದರು. ಹೊರಗೆ ಬಂದ ಕೂಡಲೇ ಮತ್ತೆ ಒಳಗೆ ಹೋಗಿ, ಹೇಳಿದ್ದನ್ನು ಹಿಂತೆಗೆದುಕೊಳ್ಳಬೇಕೆನಿಸಿತು. ಹೋಗಲಿಲ್ಲ.

ಊರಿಗೆ ಬಂದರೂ ಅಪ್ಪನ ಶೇಂಗಾ ಮಂಡಿಯ ಕೆಲಸ ಅವರಿಗೆ ಕೈಹತ್ತಲಿಲ್ಲ. ರೈತರು ಧಾರಣೆ ಕೇಳಿದರೆ ಇವರು, ಮಂಡಿ ನೋಡಿಕೊಳ್ಳುತ್ತಿದ್ದ ಒಡಹುಟ್ಟಿದ ತಮ್ಮ ಮುರುಗಪ್ಪನ ಮುಖ ನೋಡುವರು. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ವಿಮಾನದ ಸದ್ದು ಬಂದರೆ ತಕ್ಕಡಿ ಬಿಟ್ಟು ಬೀದಿಗಿಳಿಯುವರು. ಊಟ ಅರ್ಧಕ್ಕೇ ಸಾಕಾಗುತ್ತಿತ್ತು.

ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದ ಸರ್ವಮಂಗಳಮ್ಮ ಕೈ ನಿಲ್ಲಿಸಿ ಹೇಳಿದರು: “ಮತ್ತೆ ಸೇರಿಸ್ಕಂತಾರಾ ಅಂತ ಹೋಗಿ ಕೇಳ್ರಿ. ಅವತ್ತು ಲಿಂಗದ ಮ್ಯಾಲೆ ತಗಂಡ ಮಾತು ನಾನೇ ವಾಪಸ್ ಕೊಡ್ತೀನಿ.”

“ಮತ್ತೆ ತಂತಿ ಬಂದ್ರೆ?”

“ಬಂದಾಗ ನೋಡಾಣ. ನೀವು ಹಿಂಗೆ ಸೊರಗಾದು ನೋಡಕಾಗಲ್ಲ.”

ಬೆಂಗಳೂರಿಗೆ ಹೋದರು. ಅಲ್ಲಿನ ವಾಯುಪಡೆಯ ಅಧಿಕಾರಿ ಕೂರಿಸಿ, ಚಹಾ ತರಿಸಿ, “ಜಾಗಗಳೆಲ್ಲ ಭರ್ತಿಯಾದವು. ಅವತ್ತು ನೀವೇ ಬೇಡ ಅಂದಿರಲ್ಲ. ಬೇಕಾದಾಗ ಕರೆಯುತ್ತೇವೆ” ಎಂದರು.

ಮನೆಯ ಬಾಗಿಲಲ್ಲೇ ಹೆಂಡತಿ ಕೇಳಿದರು. “ಏನಂದ್ರು?”

“ನನಗೇ ಮನಸ್ಸಾಗಲಿಲ್ಲ. ಬೇಡ ಅಂದು ಬಂದೆ.”

ಆಕೆ ನಂಬಲಿಲ್ಲ. ಕಾಲಿಗೆ ನೀರು ಕೊಟ್ಟು, ಮುಖ ತಿರುಗಿಸಿ ಅತ್ತರು. “ನನ್ನ ಭಯಕ್ಕೆ ನಿಮ್ಮನ್ನ ಕಟ್ಟಿಹಾಕಿಬಿಟ್ಟೆ.”

“ಹೂಂ ಅಂದೋನು ನಾನಲ್ವಾ” ಅಂದರು ಅವರು.

ಕರೆ ಬರಲೇ ಇಲ್ಲ. ಕೆಲವು ವರ್ಷಗಳ ಮೇಲೆ, ವಯಸ್ಸು ಮೀರಿತೆಂದು ಮೀಸಲಿನಿಂದಲೂ ಅವರನ್ನು ಬಿಡುಗಡೆ ಮಾಡಿದರು. ಅಂದು ಸಂಜೆ ಜಗುಲಿಯಲ್ಲಿ ಸರ್ವಮಂಗಳಮ್ಮ ಪಕ್ಕಕ್ಕೆ ಬಂದು ಕೂತರು.

“ಮ್ಯಾಲಿಂದ ನೆಲ ಹ್ಯಾಗೆ ಕಾಣ್ತೈತ್ರಿ?”

ಅದುವರೆಗೆ ಆಕೆ ಅದನ್ನು ಕೇಳಿರಲೇ ಇಲ್ಲ. ಮೋಡದ ನೆರಳು ಹೊಲದಿಂದ ಹೊಲಕ್ಕೆ ಸರಿಯುವುದನ್ನು, ಬಿಸಿಲು ಬಿದ್ದ ನದಿ ಒಮ್ಮೆಲೇ ಕಣ್ಣು ಕುಕ್ಕುವುದನ್ನು ಅವರು ಹೇಳತೊಡಗಿದರು.

“ಮೊದಲೇ ಕೇಳಬೇಕಿತ್ತು” ಎಂದು ಆಕೆ ಅವರ ಕೈ ಹಿಡಿದರು.