ರೇಸಿನ ವಾಚು ಕಟ್ಟಿದ ಕೈ

ಅಮೃತಹಳ್ಳಿಯ ನಮ್ಮ ರಾಗಿ ಹೊಲಗಳು ಸೈಟುಗಳಾದಾಗ ನೆಂಟರೆಲ್ಲ ದೊಡ್ಡ ದೊಡ್ಡ ಕಾರು ಕೊಂಡರು. ನಾನು ನಾಲ್ಕಕ್ಷರ ಕಲಿತವನಲ್ಲವೇ, ಹಾಗೆ ಶೋಕಿ ಮಾಡುವುದು ನನ್ನ ಘನತೆಗೆ ಕಡಿಮೆ ಎನಿಸಿತು. ಕಾರ್ ರೇಸಿನವರು ಕಟ್ಟುವಂಥ ವಾಚು ಕೊಂಡೆ.

ಬರೀ ವಾಚಲ್ಲ, ಕ್ರೋನೋಗ್ರಾಫ್. ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಅದರ ಚರಿತ್ರೆ ಬಡಿಸುತ್ತಿದ್ದೆ. ಬ್ಯಾಟರಿ ಬೇಡ, ಕೈ ಆಡಿದರೆ ತಾನೇ ಕೀ ಕೊಟ್ಟುಕೊಳ್ಳುತ್ತದೆ. ಪಕ್ಕದ ಗುಂಡಿ ಒತ್ತಿದರೆ ನಡುವಿನ ಉದ್ದ ಮುಳ್ಳು ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ಗಕ್ಕನೆ ನಿಲ್ಲುತ್ತದೆ. ಒಂದು ಕಾಲದಲ್ಲಿ ರೇಸಿನ ಒಂದೊಂದು ಸುತ್ತನ್ನೂ ಹೀಗೆಯೇ ಅಳೆಯುತ್ತಿದ್ದರಂತೆ. ಅಂಚಿನಲ್ಲಿ ವೇಗದ ಅಂಕಿಗಳಿವೆ, ಅರವತ್ತು ಕಿಲೋಮೀಟರಿನಿಂದ ಶುರು. ಹೆಬ್ಬಾಳದ ಫ್ಲೈಓವರ್ ಮೇಲೆ ನನ್ನ ಹಳೇ ಕಾರಿನ ವೇಗಕ್ಕೆ ಹೊಂದುವ ಅಂಕಿ ಅದರಲ್ಲಿ ಇರಲೇ ಇಲ್ಲ. ಕಡಲೆಕಾಯಿ ಮಾರುವವನೊಬ್ಬ ನಡೆದುಕೊಂಡೇ ನನ್ನನ್ನು ಹಿಂದೆ ಹಾಕಿದ್ದುಂಟು. ಹಾಗಾಗಿ ಅಂಥಾ ಪರಂಪರೆಯ ವಾಚು ನಮ್ಮ ಮನೆಯಲ್ಲಿ ಮೊಟ್ಟೆ ಬೇಯಲು ಎಷ್ಟು ಹೊತ್ತು ಎಂದು ನೋಡಿಕೊಂಡಿತ್ತು.

ಗೀಚು ಬೀಳುತ್ತದೆಂಬ ಭಯ ಬೇರೆ. ಅಮ್ಮ ಸೊಪ್ಪಿನ ಚೀಲ ಕೊಡಲು ಬಂದರೂ ಎಡಗೈ ಹಿಂದಕ್ಕೆಳೆದು, "ಅಮ್ಮಾ, ಜೋಪಾನ! ಈ ಕೈ ಮುಟ್ಬೇಡ" ಎನ್ನುತ್ತಿದ್ದೆ.

ಆಮೇಲೆ ಅಮ್ಮನಿಗೆ ಮಂಡಿ ಆಪರೇಷನ್ ಆಯಿತು. ದಿನಾ ಪಾರ್ಕಿನಲ್ಲಿ ಒಂದು ಸುತ್ತು ಹಾಕಿಸಿ, ಹೊತ್ತು ಕಡಿಮೆಯಾಗುತ್ತಿದೆಯೇ ನೋಡಿ ಎಂದರು ಆಸ್ಪತ್ರೆಯವರು. ಅಂತೂ ನನ್ನ ವಾಚಿಗೊಂದು ರೇಸು ಸಿಕ್ಕಿತೆಂದು ಹಿಗ್ಗಿದೆ.

"ಇಂಗೆ ನೀನು ವಾಚ್ ನೋಡ್ತಾ ನಿಂತ್ರೆ ನನ್ ಕಾಲೇ ಏಳಲ್ಲ ಕಣೋ" ಎಂದು ಅಮ್ಮ ಬೈಯುತ್ತಿದ್ದಳು. ಆದರೂ ನಡೆಯುತ್ತಿದ್ದಳು. ನಾನು ತರುವ ಈರುಳ್ಳಿಯೆಲ್ಲ ಕೊಳೆತದ್ದು ಎಂಬುದು ಅವಳ ತೀರ್ಮಾನ. ಯಶವಂತಪುರದ ಮಾರ್ಕೆಟ್ಟಿಗೆ ತನ್ನ ಕಾಲಲ್ಲೇ ಹೋಗಿ, ಮೊದಲಿನಂತೆ ಆರಿಸಿ ತರಬೇಕೆಂಬ ಹಟ ಅವಳದು. ಅವಳು ಮತ್ತೆ ಹಾಗೆ ನಡೆಯುತ್ತಾಳೋ ಇಲ್ಲವೋ ಎಂದು ನನಗೆ ಒಳಗೊಳಗೇ ದಿಗಿಲಿತ್ತು.

ವಾಕರ್ ಬಿಟ್ಟು ನಡೆದ ಮೊದಲ ಸಂಜೆ ನಾನು ಅವಳ ಬಲಕ್ಕೆ, ಕೈಗೆ ಕೈ ತಾಗುವಷ್ಟು ಹತ್ತಿರದಲ್ಲಿದ್ದೆ. ಗುಂಡಿ ಒತ್ತಿದೆ. ಅರ್ಧ ಸುತ್ತು ಚೆನ್ನಾಗಿಯೇ ನಡೆದಳು. ಹೊಂಗೆ ಮರದ ಹತ್ತಿರ ಮಂಡಿ ಸಡಿಲಿತು. ನನ್ನ ಕೈ ಅಲ್ಲೇ ಇತ್ತು. ಅವಳ ಕೈ ಅದರ ಕಡೆ ಬಂದದ್ದು ಥಟ್ಟನೆ ಹಿಂದೆ ಸರಿದು ಮರ ಹಿಡಿಯಲು ಹೋಯಿತು. ಮರ ಸಿಗಲಿಲ್ಲ, ಕುಸಿದು ಕೂತುಬಿಟ್ಟಳು. ಮಂಡಿಗೇನೂ ಆಗಿರಲಿಲ್ಲ, ಅಂಗೈ ಮಾತ್ರ ತರಚಿತ್ತು.

ಗಾಬರಿಗೆ ರೇಗಿಬಿಟ್ಟೆ. "ಪಕ್ಕದಲ್ಲೇ ಇದ್ನಲ್ಲಮ್ಮ! ನನ್ ಕೈ ಯಾಕೆ ಹಿಡ್ಕೊಳ್ಳಿಲ್ಲ?"

"ಆ ಕೈಗೆ ವಾಚ್ ಐತಲ್ಲೋ" ಎಂದಳು ಅಂಗೈಯ ಮಣ್ಣು ಒರೆಸಿಕೊಳ್ಳುತ್ತ. "ಗೀಚಾಯ್ತದೆ ಅಂತೀಯಲ್ಲ."

ಉದ್ದ ಮುಳ್ಳು ಇನ್ನೂ ಓಡುತ್ತಿತ್ತು. ಬಗ್ಗಿ ಅದೇ ಎಡಗೈ ಚಾಚಿದೆ. ಅಮ್ಮ ಆಗಲೂ ವಾಚು ತಪ್ಪಿಸಿ, ನನ್ನ ಮೊಣಕೈ ಹಿಡಿದುಕೊಂಡು ಎದ್ದಳು.