ಪಾರುಪತ್ತೇಗಾರ ಕೊಟ್ಟ ಮೂರು ಅಂಕಿ

ಇಟಲಿಯ ನಮ್ಮ ವಾಲ್ದೆಲ್ಸಾ ಕಣಿವೆಯಲ್ಲಿ ಇಸೊಲೀನಾಳ ಬಾಯಿಗೆ ಹೆದರದವರಿರಲಿಲ್ಲ. ಧಣಿಯ ಜಮೀನನ್ನು ಪಾಲಿಗೆ ಮಾಡುವ ಒಕ್ಕಲುಗಳಲ್ಲಿ ಅವಳ ಮನೆಯೂ ಒಂದು, ನಮ್ಮದೂ ಒಂದು. ನಡುವೆ ಆಲಿವ್ ತೋಪು. ಗೋಧಿಯಲ್ಲಿ ಅರ್ಧ ಧಣಿಗೆ, ವೈನಿನಲ್ಲಿ ಅರ್ಧ, ಹಂದಿಯಲ್ಲೂ ಅರ್ಧ. ಯುದ್ಧ ಮುಗಿದ ಮೇಲೆ ಅವನ ಪಾಲು ಕೊಂಚ ಇಳಿಯಬೇಕೆಂದು ಕಾನೂನು ಬಂದಿತ್ತು. ಆ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಇದರ ಮೇಲೆ ಕ್ರಿಸ್‌ಮಸ್ಸಿಗೆ ಕೊಬ್ಬಿದ ಹುಂಜ ಬೇರೆ. ಅದನ್ನು ಹೊತ್ತು ಹೋಗುವ ದಿನ ಇಸೊಲೀನಾ ದಾರಿಯುದ್ದಕ್ಕೂ ಹುಂಜವನ್ನೇ ಬೈಯುತ್ತಿದ್ದಳು. ಪಾಪ, ಅದೇನು ಮಾಡಿತ್ತು!

ಐವತ್ತಮೂರರ ಚುನಾವಣೆ ಬಂತು. ಗೋಡೆಯ ಸುಣ್ಣ ಕಾಣದಷ್ಟು ಪಕ್ಷಗಳ ಚಿತ್ರ. ಆಳುವವರು ಹೊಸದೊಂದು ಕಾನೂನು ತಂದಿದ್ದರು: ಕೂಟ ಕಟ್ಟಿಕೊಂಡ ಪಕ್ಷಗಳಿಗೆಲ್ಲ ಸೇರಿ ಅರ್ಧಕ್ಕಿಂತ ಒಂದು ವೋಟು ಹೆಚ್ಚು ಬಿದ್ದರೆ ಸಾಕು, ಸಂಸತ್ತಿನ ಕುರ್ಚಿಗಳಲ್ಲಿ ಹತ್ತಿರಹತ್ತಿರ ಮೂರರಲ್ಲಿ ಎರಡು ಪಾಲು ಅವರಿಗೇ.

ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ಇಸೊಲೀನಾ ಕುದಿದಳು. "ಅರ್ಧ ಅಂದ್ರೇನು ಅಂತ ನಮಗೆ ಹೇಳ್ಕೊಡ್ತಾರಾ? ಕಣದಲ್ಲಿ ಧಣಿ ಒಂದು ಕಾಳು ಜಾಸ್ತಿ ತಗೊಂಡು, ಆ ಕಾಳಿನ ನೆಪದಲ್ಲಿ ನಮ್ಮ ಮೂಟೇನೂ ಹೊತ್ಕೊಂಡು ಹೋದ್ರೆ ಸುಮ್ನಿರ್ತೀರೇನ್ರೇ?"

ಮತದಾನಕ್ಕೆ ಮುಂಚೆ ಧಣಿಯ ಪಾರುಪತ್ತೇಗಾರ ಬಾರ್ಜೆಲ್ಲಿ ಮನೆಮನೆಗೂ ಬಂದ. ಪಕ್ಷದ ಚಿಹ್ನೆಯ ಮೇಲೆ ಗೀಟು ಹಾಕಿ, ನಮಗೆ ಬೇಕಾದ ಅಭ್ಯರ್ಥಿಗಳಿಗೆ ಪಟ್ಟಿಯಲ್ಲಿದ್ದ ಅಂಕಿಯನ್ನೂ ಬರೆಯಬಹುದಿತ್ತು. ಎಣಿಸುವಾಗ ಅದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು.

"ನಿಂದು ಎರಡು, ಐದು, ಎಂಟು," ಎಂದ ಇಸೊಲೀನಾಳಿಗೆ. "ಬೇರೆ ಯಾರಿಗೂ ಈ ಅಂಕಿ ಕೊಟ್ಟಿಲ್ಲ. ನಮ್ಮ ಕೂಟದ ಪಟ್ಟಿಲಿ ಇದು ಕೇಳಿಸ್ಲಿಲ್ವೋ, ಸಂತ ಮಾರ್ಟಿನ್ ಹಬ್ಬಕ್ಕೆ ಗಾಡಿ ಕಟ್ಟು."

ನವೆಂಬರಿನ ಆ ಹಬ್ಬದ ದಿನವೇ ನಮ್ಮಲ್ಲಿ ಒಕ್ಕಲೆಬ್ಬಿಸುವುದು.

ಅವನು ಹೋದ ಮೇಲೆ ಗಂಡ ನೆಲ್ಲೊ ಗೋಗರೆದ. "ಬರೆದುಬಿಡೇ. ನಮ್ಮಪ್ಪ, ಅವರಪ್ಪ ಉಸಿರು ಬಿಟ್ಟ ಮನೆ ಇದು."

"ಬರೀತೀನಿ ಬಿಡಿ. ಅವನು ಹೇಳಿದ ಅಂಕೀನೇ ಬರೀತೀನಿ."

ಎಣಿಕೆ ಶಾಲೆಯಲ್ಲಿ. ನಾವು ಹೆಂಗಸರೂ ಹಿಂದಿನ ಬೆಂಚುಗಳಲ್ಲಿ ಕೂತಿದ್ದೆವು. ಮತಗಟ್ಟೆಯ ಅಧ್ಯಕ್ಷರಾಗಿದ್ದ ಫಾನ್ತೊನಿ ಮೇಷ್ಟ್ರು ಒಂದೊಂದೇ ಚೀಟಿ ಬಿಚ್ಚಿ ಓದುತ್ತಿದ್ದರು. ಬಾರ್ಜೆಲ್ಲಿ ಕಣ್ಣು ಮುಚ್ಚಿಕೊಂಡು, ಸಂಗೀತ ಕೇಳುವವನ ಹಾಗೆ ತಲೆದೂಗುತ್ತಿದ್ದ.

"ಎಡಪಕ್ಷ. ಎರಡು, ಐದು, ಎಂಟು."

ಬಾರ್ಜೆಲ್ಲಿ ಚೇಳು ಕುಟುಕಿದವನಂತೆ ಎದ್ದ. "ಆ ವೋಟು ಸಿಂಧು ಅಲ್ಲ! ಗುರುತು ಹಾಕಿದ ವೋಟು ಲೆಕ್ಕಕ್ಕಿಲ್ಲ!"

"ಗುರುತೆಲ್ಲಿದೆ? ಬರೀ ಅಂಕಿ ಇದೆ."

"ಅಂಕೀನೇ ಗುರುತು, ಮೇಷ್ಟ್ರೇ! ಅದು ಅವಳ..."

ಹಿಂದಿನ ಬೆಂಚಿನತ್ತ ಎತ್ತಿದ ಬೆರಳನ್ನು ಅವನು ಹಾಗೇ ಮಡಚಿಕೊಂಡ.

ಮೇಷ್ಟ್ರು ಕನ್ನಡಕ ತೆಗೆದರು. "ಯಾರದು? ಗುಟ್ಟಿನ ವೋಟು ಸ್ವಾಮಿ ಇದು. ನಿಮಗೆ ಹ್ಯಾಗೆ ಗೊತ್ತಾಯ್ತು?"

"ಹೇಳಿ ಬಾರ್ಜೆಲ್ಲಿಯವರೇ," ಬೆಂಚಿನಿಂದ ಇಸೊಲೀನಾ ಕೂಗಿದಳು. "ಊರಿಗೆ ಊರೇ ಕಾಯ್ತಿದೆ."

ಅವನು ಕೂತ. ವೋಟು ಎಡಪಕ್ಷದ ಕಟ್ಟಿಗೆ ಸೇರಿತು. ದೇಶದ ಲೆಕ್ಕ ಬಂದಾಗ ಅರ್ಧದ ಗೆರೆ ಕೂಟಕ್ಕೆ ಕೂದಲೆಳೆಯಲ್ಲಿ ತಪ್ಪಿತ್ತು. ಹೆಚ್ಚಿನ ಕುರ್ಚಿ ದಕ್ಕಲಿಲ್ಲ. ಆದರೆ ರೋಮಿನಲ್ಲಿ ಸೋತ ಕಾನೂನು ನಮ್ಮ ಧಣಿಯ ಅಂಗಳದಲ್ಲಿ ಸೋಲಲಿಲ್ಲ. ಮನೆ ಬಿಡಬೇಕೆಂದು ಇಸೊಲೀನಾಳಿಗೆ ನೋಟೀಸು ಬಂದೇ ಬಂತು.

ಸಂತ ಮಾರ್ಟಿನ್ ದಿನ ಮಂಚ, ಹಿಟ್ಟಿನ ಪೆಟ್ಟಿಗೆ, ಕೋಳಿ ಪಂಜರ ಗಾಡಿ ಏರಿದವು. ನೆಲ್ಲೊ ಬಾಗಿಲ ಕಂಬ ಹಿಡಿದು ನಿಂತೇ ಇದ್ದ. ಬೀಗದಕೈ ಇಸಿದುಕೊಳ್ಳಲು ಬಂದ ಬಾರ್ಜೆಲ್ಲಿ ಕೇಳಿದ: "ಅಂಕಿ ಬರೀದೆ ಹಾಕಿದ್ರೆ, ಹಳ್ಳಿ ಹೆಂಗಸು ಮರೆತಳೋ ಏನೋ ಅಂತ ಬಿಡ್ತಿದ್ನೇನೋ. ಯಾಕೆ ಬರೆದೆ?"

"ಎಡಕ್ಕೆ ವೋಟು ಹಾಕಿದ್ದು ಯಾರು ಅಂತ ನೀವು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬಾರದಲ್ಲ, ಅದಕ್ಕೆ. ಸಿಟ್ಟು ನಂದು. ಹೆಸರೂ ನಂದೇ ಇರ್ಲಿ."

ಅವನ ಕಣ್ಣು ಪಂಜರದ ಹುಂಜದ ಮೇಲೆ ಹೋಯಿತು.

"ನೋಡ್ಬೇಡಿ. ಈ ಕ್ರಿಸ್‌ಮಸ್ಸಿಗೆ ಅದನ್ನ ನಾವೇ ತಿಂತೀವಿ. ಕಾಲು ಸಮೇತ."

ಗಾಡಿ ಇಳಿಜಾರು ದಾಟುವವರೆಗೂ ಅವಳ ಬೈಗುಳ ನಮ್ಮ ತೋಪಿಗೆ ಕೇಳಿಸುತ್ತಿತ್ತು. ಈ ಸಲ ಹುಂಜಕ್ಕಲ್ಲ.