ಹೆಣ್ಣು ನೋಡಿದ ಪಾರ್ಕಿನಲ್ಲಿ ಬಂದ ವಾಸನೆ

ಮೂಗಿಗೆ ಬಡಿದದ್ದಕ್ಕೆಲ್ಲ ಒಂದು ಮೂಲ ಇದ್ದೇ ಇರುತ್ತೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎಂದು ನಂಬಿದ್ದವನು ನಾನು. ದೆವ್ವ, ಶಕುನ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದೆ. ತಿಲಕ್ ನಗರದ ಫುಟ್‌ಪಾತಿನಲ್ಲಿ ಬೆಡ್‌ಶೀಟ್ ಹರವಿ, ಕೂಗಿ ಮಾರಿ, ಆಮೇಲೆ ಅಂಗಡಿ ಮಾಡಿಕೊಂಡವನಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ? ಈಗ ಹೇಳುವುದನ್ನು ನೀವು ನಂಬದಿದ್ದರೂ ನನಗೆ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದೆ ಮಗಳು ನಂದಿನಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಫೋನಿನಲ್ಲೇ ಅವಳಿಗೆ ಹಿಡಿಸಿಬಿಟ್ಟಿದ್ದ. ಮೊದಲು ಪಾರ್ಕಲ್ಲಿ ನೋಡೋಣ ಎಂದವನು ನಾನು. ನಿಮಗೂ ಅದನ್ನೇ ಹೇಳ್ತೀನಿ: ಮೊದಲ ಸಲವೇ ಮನೆಗೆ ಕರೆದು ಕೇಸರಿಬಾತ್ ಕೊಟ್ಟಿರೋ, ಅರ್ಧ ಒಪ್ಪಿಕೊಂಡ ಹಾಗೆ. ಆಮೇಲೆ ಮಾತಿನಲ್ಲಿ ಜಗ್ಗೋಕಾಗಲ್ಲ. ಪಾರ್ಕಾದರೆ ಯಾರಪ್ಪನ ಮನೆಯೂ ಅಲ್ಲ.

ಆದರೆ ಕುಮಾರಸ್ವಾಮಿ ಲೇಔಟಿನ ಆ ಪಾರ್ಕು, ಥೂ! ಕಾರಂಜಿಯ ತೊಟ್ಟಿಯಲ್ಲಿ ಹಸಿರುಗಟ್ಟಿದ ನೀರು, ಅದರಲ್ಲಿ ತೇಲುವ ಪಾನಿಪೂರಿ ತಟ್ಟೆಗಳು. ಬೆಂಚಿನ ಕಾಲಿಗೆಲ್ಲ ಗುಟ್ಕಾ ಉಗುಳು. ನಾಯಿಯನ್ನು ಹುಲ್ಲಿನ ಮೇಲೆ ಕೂರಿಸಿ ತಾವು ಆಕಾಶ ನೋಡುತ್ತಾ ನಿಲ್ಲುವ ಮರ್ಯಾದಸ್ಥರು. ನಾನು ಪೇಪರ್ ಹಾಸಿ ಹುಡುಗನನ್ನೂ ಅವನ ಅಪ್ಪ ಅಮ್ಮನನ್ನೂ ಕೂರಿಸಿದೆ.

ಹುಡುಗ ನಂದಿನಿಯ ಪಕ್ಕ ಕೂತ. ಆಗ ಬಂತು. ಸತ್ತ ಇಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮರೆತರೆ ಹೇಗೋ ಹಾಗೆ, ಅದರೊಳಗೆ ಒಂಥರಾ ಸಿಹಿ. ಗಂಟಲಿಗೇ ಇಳಿಯಿತು. ಬೆಂಚಿನಡಿ ಬಗ್ಗಿ ನೋಡಿದೆ, ಚಪ್ಪಲಿ ತಿರುಗಿಸಿ ನೋಡಿದೆ. ಏನಿಲ್ಲ. ಇಲ್ಲಿ ಸೊಳ್ಳೆ ಎಂದು ನೆಪ ಹೇಳಿ ಎಲ್ಲರನ್ನೂ ಆ ತುದಿಯ ಬೆಂಚಿಗೆ ಎಬ್ಬಿಸಿದೆ. ಜೊತೆಗೇ ಬಂತು. ಹೊರಡುವಾಗ ಹುಡುಗನೂ ನಂದಿನಿಯೂ ಒಟ್ಟಿಗೆ ಬಗ್ಗಿ ಕಾಲು ಮುಟ್ಟಿದಾಗ ನಾನು ಕರ್ಚೀಫನ್ನು ಬಾಯಿಗೆ ಒತ್ತಿಕೊಂಡೆ.

"ರೀ, ಅದ್ಯಾಕ್ ಮುಖ ಹಂಗ್ ಕಿವುಚ್ತೀರ?" ಹೆಂಡತಿ ಪಿಸುಗುಟ್ಟಿದಳು.

"ನಾತ ಬರ್ತಿಲ್ವೇನೇ ನಿಂಗೆ?"

"ಸಂಪಿಗೆ ಘಮ ಅದು. ಬೆಡ್‌ಶೀಟಿನ ಗಂಜಿ ವಾಸನೇಲಿ ನಿಮ್ ಮೂಗೇ ಕೆಟ್ಟೋಗಿದೆ."

ನಾತ ಹುಡುಗನದೇ ಎಂದುಕೊಂಡು, ಮನೆಗೆ ಬಂದವನು ಹುಡುಗ ಬೇಡ ಎಂದೆ. ನಂದಿನಿ ಅತ್ತಳು. "ನಾತ ಬಂತು, ಅದಕ್ಕೇ ಬೇಡ ಅಂತ ಅವರಿಗೆ ಫೋನ್ ಮಾಡ್ತೀರಾ ಅಪ್ಪ? ಮಾಡಿ ನೋಡೋಣ!" ಎಂದಳು. ನಾನು ಅಂಗಡಿಯ ಲೆಕ್ಕದ ಪುಸ್ತಕ ತೆಗೆದುಕೊಂಡು ಕೂತೆ.

ಮರುದಿನ ಸಂಜೆ ಒಬ್ಬನೇ ಆ ಪಾರ್ಕಿಗೆ ಹೋದೆ. ಎರಡೂ ಬೆಂಚಿನ ಮೇಲೆ ಕೂತು ನೋಡಿದೆ. ಹೊಲಸೆಲ್ಲ ಇದ್ದಲ್ಲೇ ಇತ್ತು, ಆ ವಾಸನೆ ಮಾತ್ರ ಇರಲಿಲ್ಲ. ಎಲ್ಲೋ ಇಲಿ ಸತ್ತಿರಬೇಕು, ಯಾರೋ ಎತ್ತಿಹಾಕಿರಬೇಕು. ಅಷ್ಟಕ್ಕೆ ಮಗಳ ಸಂಬಂಧ ಕೆಡಿಸಲು ಹೊರಟಿದ್ದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಒಪ್ಪಿಗೆ ಹೇಳಿಬಿಡೋಣ ಎಂದು ಹಗುರಾಗಿ ಮನೆಗೆ ಬಂದೆ.

ಬಾಗಿಲು ತೆಗೆದವಳು ನಂದಿನಿ. ವಾಸನೆ ಅವಳಿಂದ ಬರುತ್ತಿತ್ತು.

ಆಗ ಹೊಳೆಯಿತು. ಪಾರ್ಕಿನಲ್ಲಿ ಹುಡುಗ ಒಂದು ಗಳಿಗೆಯೂ ಅವಳಿಲ್ಲದೆ ನನ್ನ ಹತ್ತಿರ ಬಂದಿರಲಿಲ್ಲ.

"ಏನಪ್ಪ, ಹೂಂ ಅಂತೀರಾ?" ಎಂದಳು. ಉಸಿರು ಬಿಗಿಹಿಡಿದು ಹೂಂ ಎಂದೆ. ಖುಷಿಗೆ ತಬ್ಬಿಕೊಂಡಳು. ಎತ್ತಿ ಆಡಿಸಿದ ಮಗಳು, ಆದರೂ ಅವಳ ಕೈ ಬಿಡಿಸಿಕೊಂಡೆ. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಹೊರಗೆ ಬಂದಾಗ ವಾಸನೆ ಇರಲಿಲ್ಲ.

ಮೂಗಿನ ಡಾಕ್ಟರಿಗೆ ತೋರಿಸಿದೆ, ಏನೂ ತೊಂದರೆ ಇಲ್ಲ ಎಂದರು. ಮದುವೆ ಆಯಿತು. ತಲಘಟ್ಟಪುರದಲ್ಲಿ ಮನೆ ಮಾಡಿದ್ದಾರೆ, ಜಗಳ ಆಡ್ತಾರೆ, ರಾಜಿ ಆಗ್ತಾರೆ, ಆರೋಗ್ಯವಾಗಿದ್ದಾರೆ. ಅದು ಏನು, ಯಾಕೆ ನನಗೊಬ್ಬನಿಗೇ ಬಂತು, ಗೊತ್ತಿಲ್ಲ. ಆದರೆ ಇವತ್ತಿಗೂ ನಂದಿನಿ ಬಾಗಿಲು ತೆಗೆದು "ಬನ್ನಿ ಅಪ್ಪ" ಎಂದಾಗ ನಾನು ತಕ್ಷಣ ಒಳಗೆ ಹೋಗಲ್ಲ. ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿ, ಮೊದಲು ಮೆಲ್ಲಗೆ ಉಸಿರೆಳೆದುಕೊಂಡು ನೋಡ್ತೀನಿ.